ಕೆಎಲ್ 14ರಿಂದ 1110ಕ್ಕೆ: ಪ್ಲಸ್ ವನ್ ಮಕ್ಕಳಿಗೆ ಬೈನರಿ ಲೆಕ್ಕ

ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪ್ಲಸ್ ವನ್‌ನಲ್ಲಿ, ಅಂದರೆ ಹನ್ನೊಂದನೇ ಕ್ಲಾಸಿನಲ್ಲಿ, ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳುವ ಮಕ್ಕಳು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆ ತುಂಬ ಮಂದಿ ಇದ್ದಾರೆ. ಪುಸ್ತಕ ಇಂಗ್ಲಿಷಿನಲ್ಲಿ. ಕ್ಲಾಸಿನ ವಿವರಣೆ ಅರ್ಧ ಇಂಗ್ಲಿಷ್, ಅರ್ಧ ಮಲಯಾಳ. ಮನೆಯಲ್ಲಿ ತುಳುವೋ ಕೊಂಕಣಿಯೋ ಹವ್ಯಕ ಕನ್ನಡವೋ. ಇದರ ನಡುವೆ ವರ್ಷದ ಶುರುವಿನಲ್ಲೇ ನಂಬರ್ ಸಿಸ್ಟಮ್ ಪಾಠ ಬರುತ್ತದೆ. ಸೊನ್ನೆ, ಒಂದುಗಳ ಉದ್ದ ಸಾಲು ನೋಡಿ ಕೆಲವರು ಅಲ್ಲೇ ಕೈಚೆಲ್ಲುತ್ತಾರೆ.

ಬೈನರಿಗೆ ಬೇಕಾದ ಗಣಿತವನ್ನು ನೀವು ಚಿಕ್ಕ ಕ್ಲಾಸಿನಲ್ಲೇ ಕಲಿತು ಮುಗಿಸಿದ್ದೀರಿ. ಸ್ಥಾನಬೆಲೆ, ಎರಡರಿಂದ ಭಾಗಿಸುವುದು, ದಶಕ ಇಟ್ಟು ಕೂಡುವುದು. ಇಷ್ಟೇ. ಹೊಸ ಗಣಿತ ಒಂದೂ ಇಲ್ಲ. ಹಳೆಯ ಲೆಕ್ಕವನ್ನೇ ಹತ್ತು ಅಂಕಿಗಳ ಬದಲು ಎರಡು ಅಂಕಿಗಳಲ್ಲಿ ಮಾಡುತ್ತೇವೆ, ಅಷ್ಟೇ ವ್ಯತ್ಯಾಸ. ಒಂದು ಪೆನ್ಸಿಲ್, ಒಂದು ರಫ್ ಪುಸ್ತಕ ತೆಗೆದುಕೊಂಡು ಕೂತುಕೊಳ್ಳಿ. ಮೊಬೈಲ್ ಸದ್ಯಕ್ಕೆ ದೂರ ಇರಲಿ.

ಮೊದಲು ಸ್ಥಾನಬೆಲೆ

ಕಾಸರಗೋಡಿನ ಪಿನ್‌ಕೋಡ್ ಶುರುವಾಗುವುದು 671ರಿಂದ. ಈ 671ನ್ನು ಬಿಡಿಸಿ ಬರೆದರೆ:

671 = 6×100 + 7×10 + 1×1

ಬಲದಿಂದ ಎಡಕ್ಕೆ ಬಿಡಿ, ಹತ್ತು, ನೂರು. ಒಂದು ಮನೆ ಎಡಕ್ಕೆ ಹೋದರೆ ಬೆಲೆ ಹತ್ತು ಪಟ್ಟು ಆಗುತ್ತದೆ. ಏಕೆಂದರೆ ನಮ್ಮ ಹತ್ತಿರ 0ಯಿಂದ 9ರವರೆಗೆ ಹತ್ತು ಅಂಕಿಗಳಿವೆ.

ಬೈನರಿಯಲ್ಲಿ ಇರುವುದು ಎರಡೇ ಅಂಕಿ, 0 ಮತ್ತು 1. ಹಾಗಾಗಿ ಒಂದು ಮನೆ ಎಡಕ್ಕೆ ಹೋದರೆ ಬೆಲೆ ಎರಡು ಪಟ್ಟು. ಬಲದಿಂದ ಎಡಕ್ಕೆ 1, 2, 4, 8, 16, 32, 64, 128. ಈ ಎಂಟು ಸಂಖ್ಯೆಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿ. ಬಾಯಿಪಾಠ ಎಂದರೆ ಮುಖ ಸಿಂಡರಿಸುವವರೂ ಇದೊಂದನ್ನು ಮಾಡಲೇಬೇಕು. ಮುಂದಿನ ಎಲ್ಲ ಕೆಲಸ ಈ ಸಾಲಿನ ಮೇಲೆಯೇ ನಿಂತಿದೆ. ಬರೆಯುವಾಗ ದೊಡ್ಡ ಬೆಲೆ ಎಡಗಡೆ ಇರಬೇಕು:

128  64  32  16  8  4  2  1

ಇಲ್ಲಿನ ಒಂದೊಂದು ಮನೆಗೆ ಬಿಟ್ ಎಂದು ಹೆಸರು. ಎಂಟು ಬಿಟ್ ಸೇರಿದರೆ ಒಂದು ಬೈಟ್.

ಎರಡೇ ಅಂಕಿ ಯಾಕೆ? ಕಾರಣ ಯಂತ್ರದಲ್ಲಿದೆ. ಕಂಪ್ಯೂಟರಿನೊಳಗೆ ಪುಟ್ಟ ವಿದ್ಯುತ್ ಸ್ವಿಚ್ಚಿನ ಹಾಗೆ ಕೆಲಸ ಮಾಡುವ ಟ್ರಾನ್ಸಿಸ್ಟರ್‌ನಲ್ಲಿ ವೋಲ್ಟೇಜ್ ಜಾಸ್ತಿ ಇದೆಯೋ ಕಡಿಮೆ ಇದೆಯೋ ಎಂದು ಗುರುತಿಸುವುದು ಸುಲಭ. ಹತ್ತು ಬೇರೆ ಬೇರೆ ಮಟ್ಟಗಳನ್ನು ತಪ್ಪಿಲ್ಲದೆ ಗುರುತಿಸುವುದು ಕಷ್ಟ. ಸ್ವಲ್ಪ ಬಿಸಿಯಾದರೂ, ಸ್ವಲ್ಪ ಏರುಪೇರಾದರೂ 6 ಹೋಗಿ 7 ಆಗಿಬಿಡಬಹುದು. ಹಾಗೆಂದು ಎಲ್ಲ ಹಳೆಯ ಕಂಪ್ಯೂಟರುಗಳೂ ಬೈನರಿಯವೇನಲ್ಲ. 1946ರಲ್ಲಿ ಅಮೆರಿಕದಲ್ಲಿ ಜನರ ಮುಂದೆ ಬಂದ ಎನಿಯಾಕ್ ಹತ್ತರ ಲೆಕ್ಕದಲ್ಲೇ ನಡೆಯುತ್ತಿತ್ತು. ಅದರಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ವ್ಯಾಕ್ಯೂಮ್ ಟ್ಯೂಬ್‌ಗಳಿದ್ದವು. ಅದಕ್ಕೂ ಮೊದಲು, 1941ರಲ್ಲಿ ಜರ್ಮನಿಯ ಕೊನ್ರಾಡ್ ತ್ಸೂಸೆ ಕಟ್ಟಿದ ಝಡ್3 ಯಂತ್ರ ಬೈನರಿಯಲ್ಲಿ ಲೆಕ್ಕ ಮಾಡುತ್ತಿತ್ತು. ಕೊನೆಗೆ ಗೆದ್ದದ್ದು ಬೈನರಿಯೇ.

ಎಣಿಸುವುದು, ಜೊತೆಗೆ ಗಣಗಳು

ಪರಿವರ್ತನೆಗೆ ಹಾರುವ ಮೊದಲು 0ಯಿಂದ 7ರವರೆಗೆ ಕೈಯಲ್ಲಿ ಬರೆದು ನೋಡಿ. ಮೂರು ಬಿಟ್ ಸಾಕು.

000, 001, 010, 011, 100, 101, 110, 111

ಒಂದರ ಕೆಳಗೆ ಒಂದು ಬರೆದರೆ ಒಂದು ಕ್ರಮ ಕಾಣುತ್ತದೆ. ಬಲತುದಿಯ ಕಂಬಸಾಲಿನಲ್ಲಿ 0, 1, 0, 1 ಎಂದು ಪ್ರತಿ ಸಲ ಬದಲಾಗುತ್ತದೆ. ಅದರ ಎಡಗಡೆಯದು ಎರಡೆರಡಕ್ಕೆ ಬದಲಾಗುತ್ತದೆ. ಅದಕ್ಕೂ ಎಡಗಡೆಯದು ನಾಲ್ಕು ನಾಲ್ಕಕ್ಕೆ. ಈ ಕ್ರಮ ಗೊತ್ತಿದ್ದರೆ 15ರವರೆಗಿನ ಪಟ್ಟಿಯನ್ನು ಯೋಚಿಸದೆಯೇ ಬರೆಯಬಹುದು. ಪರೀಕ್ಷೆಯಲ್ಲಿ ಟ್ರೂತ್ ಟೇಬಲ್ (ನಿಜ, ಸುಳ್ಳುಗಳ ಎಲ್ಲ ಜೋಡಣೆಗಳ ಪಟ್ಟಿ) ಬರೆಯುವಾಗಲೂ ಇದೇ ಕೆಲಸಕ್ಕೆ ಬರುತ್ತದೆ.

ಮೂರು ಮನೆ, ಪ್ರತಿ ಮನೆಗೆ ಎರಡು ಆಯ್ಕೆ, ಒಟ್ಟು ಎಂಟು. ಕನ್ನಡ ಕ್ಲಾಸಿನಲ್ಲಿ ಛಂದಸ್ಸು ಕಲಿತವರಿಗೆ ಇದು ಎಲ್ಲೋ ನೋಡಿದ ಹಾಗೆ ಅನಿಸಬೇಕು, ಅಲ್ವಾ? ಅಕ್ಷರಗಣಗಳು ಎಂಟೇ ಯಾಕೆ ಎಂದು ಕೇಳಿದರೆ ಉತ್ತರ ಇದೇ. ಮೂರು ಅಕ್ಷರ, ಪ್ರತಿಯೊಂದೂ ಲಘು ಅಥವಾ ಗುರು. ಲಘುವಿಗೆ 0, ಗುರುವಿಗೆ 1 ಹಾಕಿದರೆ ಹೀಗಾಗುತ್ತದೆ:

ನಗಣ 000 = 0
ಸಗಣ 001 = 1
ಜಗಣ 010 = 2
ಯಗಣ 011 = 3
ಭಗಣ 100 = 4
ರಗಣ 101 = 5
ತಗಣ 110 = 6
ಮಗಣ 111 = 7

ಯಮಾತಾರಾಜಭಾನಸಲಗಂ ಎಂದು ಗುಣುಗುತ್ತಾ ಗಣ ನೆನಪಿಟ್ಟುಕೊಂಡವರು ಮೂರು ಬಿಟ್‌ನ ಎಲ್ಲ ಸಂಖ್ಯೆಗಳನ್ನೂ ಆಗಲೇ ಕಲಿತಿದ್ದಾರೆ. ಆ ಸೂತ್ರದ ಮೊದಲ ಮೂರು ಅಕ್ಷರ ಯಮಾತಾ, ಅಂದರೆ ಲಘು ಗುರು ಗುರು, 011. ಒಂದು ಅಕ್ಷರ ಮುಂದೆ ಸರಿದರೆ ಮಾತಾರಾ, 111. ಹೀಗೇ ಒಂದೊಂದು ಅಕ್ಷರ ಸರಿಯುತ್ತಾ ಹೋಗಿ. ಎಂಟು ಗಣಗಳೂ ಒಂದೊಂದೇ ಸಲ ಬರುತ್ತವೆ. ಪದ್ಯಕ್ಕೆ ಪ್ರಸ್ತಾರ ಹಾಕಿದ ಕೈಗೆ ಬೈನರಿ ಬರೆಯುವುದು ಕಷ್ಟವಾಗಬಾರದು.

ಇಲ್ಲೊಂದು ಎಚ್ಚರಿಕೆ. ಪಿಂಗಳನ ಛಂದಃಶಾಸ್ತ್ರದಲ್ಲಿ ಲಘು ಗುರುಗಳ ಎಲ್ಲ ಜೋಡಣೆಗಳನ್ನೂ ಕ್ರಮವಾಗಿ ಬರೆಯುವ ವಿಧಾನ ಇರುವುದು ನಿಜ. ಅದಕ್ಕೆ ಹೆಮ್ಮೆ ಪಡಬಹುದು. ಆದರೆ ಪಿಂಗಳ ಕಂಪ್ಯೂಟರ್ ಕಂಡುಹಿಡಿದ ಎಂಬ ವಾಟ್ಸಾಪ್ ಸಂದೇಶವನ್ನು ಉತ್ತರಪತ್ರಿಕೆಯಲ್ಲಿ ಬರೆಯಬೇಡಿ. ಎರಡೇ ಅಂಕಿಗಳ ಗಣಿತವನ್ನು ಬಿಡಿಸಿ ಹೇಳುವ, ಜರ್ಮನಿಯ ಗಣಿತಜ್ಞ ಲೈಬ್ನಿಜ್‌ನ ಲೇಖನ 1703ರದು. ಅದು ವಿದ್ಯುತ್ ಸ್ವಿಚ್ಚುಗಳ ಲೋಕಕ್ಕೆ ಹೊಂದುತ್ತದೆ ಎಂದು ತೋರಿಸಿದ್ದು ಅಮೆರಿಕದ ಕ್ಲಾಡ್ ಶಾನನ್, 1937ರಲ್ಲಿ.

ಬೈನರಿಯಿಂದ ನಮ್ಮ ಸಂಖ್ಯೆಗೆ

ಇದು ಸುಲಭದ ದಿಕ್ಕು. ನಮ್ಮ ಜಿಲ್ಲೆಯ ವಾಹನಗಳ ನಂಬರ್ ಕೆಎಲ್ 14. ಆ 14 ಬೈನರಿಯಲ್ಲಿ 1110. ಸರಿಯೋ ತಪ್ಪೋ ನೋಡೋಣ. ಬೆಲೆಗಳನ್ನು ಮೇಲೆ ಬರೆಯಿರಿ, ಬಿಟ್‌ಗಳನ್ನು ಕೆಳಗೆ.

8  4  2  1
1  1  1  0

1 ಇರುವ ಮನೆಯ ಬೆಲೆ ಮಾತ್ರ ತೆಗೆದುಕೊಳ್ಳಿ. 0 ಇರುವಲ್ಲಿ ಬಿಟ್ಟುಬಿಡಿ. 8+4+2 = 14. ಮುಗಿಯಿತು.

ಇನ್ನೊಂದು: 1000010. ಏಳು ಬಿಟ್ ಇದೆ, ಹಾಗಾಗಿ ಎಡತುದಿಯ ಬೆಲೆ 64. 64+2 = 66. ತಲಪಾಡಿಯಿಂದ ಇಡೀ ಜಿಲ್ಲೆಯನ್ನು ಹಾದುಹೋಗುವ ಹೆದ್ದಾರಿಯ ನಂಬರ್.

ಎಡಗಡೆಯಿಂದ ಬೆಲೆ ಎಣಿಸಲು ಹೋಗಬೇಡಿ. ಯಾವಾಗಲೂ ಬಲತುದಿಯಲ್ಲಿ 1 ಎಂದು ಶುರುಮಾಡಿ ಎಡಕ್ಕೆ ನಡೆಯಿರಿ. ಸರಿಯಾಗಿ ಬರುವ ಲೆಕ್ಕ ಕೆಡುವುದು ಹೆಚ್ಚಾಗಿ ಇಲ್ಲೇ. ಇನ್ನೊಂದು ವಿಷಯ: 1110ನ್ನು ಬಾಯಲ್ಲಿ ಸಾವಿರದ ನೂರ ಹತ್ತು ಎಂದು ಓದಬಾರದು. ಒಂದು ಒಂದು ಒಂದು ಸೊನ್ನೆ ಎಂದು ಓದಿ. ಬಾಯಿ ಸಾವಿರ ಎಂದರೆ ತಲೆಯೂ ಹತ್ತರ ಲೆಕ್ಕಕ್ಕೇ ಹೋಗುತ್ತದೆ. ಪುಸ್ತಕದಲ್ಲಿ ಸಂಖ್ಯೆಯ ಪಕ್ಕ ಕೆಳಗೆ ಚಿಕ್ಕದಾಗಿ 2 ಅಥವಾ 10 ಎಂದು ಬರೆದಿರುತ್ತಾರೆ. ಅದು ಬೇಸ್, ಅಂದರೆ ಎಷ್ಟು ಅಂಕಿಗಳ ಲೆಕ್ಕ ಎಂಬ ಗುರುತು. ಉತ್ತರ ಬರೆಯುವಾಗ ಅದನ್ನು ಬಿಡಬೇಡಿ.

ನಮ್ಮ ಸಂಖ್ಯೆಯಿಂದ ಬೈನರಿಗೆ

ಇದಕ್ಕೆ ಎರಡು ದಾರಿಗಳಿವೆ. ಪರೀಕ್ಷೆಯಲ್ಲಿ ಸಾಮಾನ್ಯವಾಗಿ ನಿರೀಕ್ಷಿಸುವುದು ಭಾಗಾಕಾರದ ದಾರಿ. ಸಂಖ್ಯೆಯನ್ನು 2ರಿಂದ ಭಾಗಿಸಿ, ಶೇಷವನ್ನು ಪಕ್ಕದಲ್ಲಿ ಬರೆಯಿರಿ. ಬಂದ ಭಾಗಲಬ್ಧವನ್ನು ಮತ್ತೆ 2ರಿಂದ ಭಾಗಿಸಿ. ಭಾಗಲಬ್ಧ 0 ಆಗುವವರೆಗೆ ಇದೇ ಕೆಲಸ. ಕನ್ನಡ ವರ್ಣಮಾಲೆಯ 49 ಅಕ್ಷರಗಳ 49ನ್ನೇ ತೆಗೆದುಕೊಳ್ಳೋಣ.

49 ÷ 2 = 24, ಶೇಷ 1
24 ÷ 2 = 12, ಶೇಷ 0
12 ÷ 2 = 6, ಶೇಷ 0
6 ÷ 2 = 3, ಶೇಷ 0
3 ÷ 2 = 1, ಶೇಷ 1
1 ÷ 2 = 0, ಶೇಷ 1

ಈಗ ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ: 110001. ಮೇಲಿನಿಂದ ಕೆಳಕ್ಕೆ ಓದಿದರೆ 100011 ಆಗುತ್ತದೆ, ಅದು 35. ಮೊದಲ ಶೇಷ ಯಾಕೆ ಕೊನೆಗೆ ಬರಬೇಕು? ಒಂದು ಸಂಖ್ಯೆಯನ್ನು 2ರಿಂದ ಭಾಗಿಸಿದಾಗ ಉಳಿಯುವುದು ಅದರ ಬಿಡಿ ಸ್ಥಾನ, ಅಂದರೆ 1ರ ಮನೆ. ಆ ಮನೆ ಇರುವುದು ಬಲತುದಿಯಲ್ಲಿ. ಇದನ್ನು ಒಮ್ಮೆ ಅರ್ಥ ಮಾಡಿಕೊಂಡರೆ ದಿಕ್ಕು ಮರೆತುಹೋಗುವುದಿಲ್ಲ. ಬೆಸ ಸಂಖ್ಯೆಯ ಬೈನರಿ ಯಾವಾಗಲೂ 1ರಲ್ಲಿ ಮುಗಿಯುತ್ತದೆ, ಸಮ ಸಂಖ್ಯೆಯದು 0ಯಲ್ಲಿ. ಉತ್ತರ ಬರೆದ ಮೇಲೆ ಕೊನೆಯ ಬಿಟ್ ನೋಡಿದರೆ ಕೆಲವು ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ.

ನನಗೆ ಇಷ್ಟವಾದದ್ದು ಎರಡನೆಯ ದಾರಿ, ಕಳೆಯುತ್ತಾ ಹೋಗುವುದು. ಸಂಖ್ಯೆಯೊಳಗೆ ಹಿಡಿಸುವ ಅತಿ ದೊಡ್ಡ ಬೆಲೆ ಯಾವುದು ಎಂದು ನೋಡಿ, ಅಲ್ಲಿ 1 ಹಾಕಿ, ಅದನ್ನು ಕಳೆಯಿರಿ. ಉಳಿದದ್ದಕ್ಕೆ ಮತ್ತೆ ಅದೇ ಕೆಲಸ. 49ರಲ್ಲಿ 32 ಹಿಡಿಸುತ್ತದೆ, ಉಳಿಯುವುದು 17. 17ರಲ್ಲಿ 16 ಹಿಡಿಸುತ್ತದೆ, ಉಳಿಯುವುದು 1. ಹಾಗಾಗಿ 32, 16, 1ರ ಮನೆಗಳಲ್ಲಿ 1, ಉಳಿದ ಕಡೆ 0. ಅದೇ 110001. ಬಾಯಿಪಾಠ ಗಟ್ಟಿ ಇದ್ದರೆ ಕಾಗದವೇ ಬೇಡ.

ದೊಡ್ಡ ಸಂಖ್ಯೆಗೂ ಇದು ನಡೆಯುತ್ತದೆ. 128ರ ನಂತರ 256, 512, 1024 ಸೇರಿಸಿಕೊಳ್ಳಿ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕಾಸರಗೋಡು ಕೇರಳಕ್ಕೆ ಸೇರಿತು. ಆ ಇಸವಿಯನ್ನು ಬಿಡಿಸೋಣ. 1956−1024 = 932. 932−512 = 420. 420−256 = 164. 164−128 = 36. 64 ಹಿಡಿಸುವುದಿಲ್ಲ, ಅಲ್ಲಿ 0. 36−32 = 4. 16 ಇಲ್ಲ, 8 ಇಲ್ಲ, 4 ಇದೆ, ಅಲ್ಲಿಗೆ ಉಳಿದದ್ದು ಸೊನ್ನೆ. ಹಾಗಾಗಿ 11110100100. ಹಿಡಿಸದ ಮನೆಗಳಿಗೆ 0 ಹಾಕಲು ಮರೆಯಬೇಡಿ. ಕೊನೆಯ ಎರಡು ಸೊನ್ನೆ ಬಿಟ್ಟುಹೋದರೆ 1956 ಹೋಗಿ 489 ಆಗುತ್ತದೆ!

ಕೂಡುವುದು

ನಿಯಮ ನಾಲ್ಕೇ:

0 + 0 = 0
0 + 1 = 1
1 + 1 = 10, ಅಂದರೆ 0 ಬರೆದು 1 ಕ್ಯಾರಿ
1 + 1 + 1 = 11, ಅಂದರೆ 1 ಬರೆದು 1 ಕ್ಯಾರಿ

ಕ್ಯಾರಿ ಎಂದರೆ ಚಿಕ್ಕ ಕ್ಲಾಸಿನಲ್ಲಿ ಮೇಲೆ ಬರೆಯುತ್ತಿದ್ದ ದಶಕವೇ. 7ಕ್ಕೆ 5 ಕೂಡಿದರೆ 12 ಬರುತ್ತದೆ. ಒಂದು ಮನೆಯಲ್ಲಿ 12 ಹಿಡಿಸುವುದಿಲ್ಲ. ಹಾಗಾಗಿ 2 ಬರೆದು 1ನ್ನು ಎಡಕ್ಕೆ ಕಳಿಸುತ್ತೇವೆ. ಬೈನರಿಯಲ್ಲಿ ಒಂದು ಮನೆಯಲ್ಲಿ 2 ಕೂಡಾ ಹಿಡಿಸುವುದಿಲ್ಲ. ಅದಕ್ಕೇ ಇಲ್ಲಿ ಕ್ಯಾರಿ ಜಾಸ್ತಿ.

ಮೊದಲು ಚಿಕ್ಕದು, 14 + 11.

  1110
+ 1011

ಬಲದಿಂದ ಶುರು. 0+1 = 1. ಮುಂದಿನದು 1+1, 0 ಬರೆದು 1 ಕ್ಯಾರಿ. ಮುಂದಿನದು 1+0, ಜೊತೆಗೆ ಕ್ಯಾರಿ 1, ಒಟ್ಟು 2, ಮತ್ತೆ 0 ಬರೆದು 1 ಕ್ಯಾರಿ. ಕೊನೆಯದು 1+1, ಜೊತೆಗೆ ಕ್ಯಾರಿ 1, ಒಟ್ಟು 3, 1 ಬರೆದು 1 ಕ್ಯಾರಿ. ಆ ಕ್ಯಾರಿ ಎಡಗಡೆ ಇಳಿಯುತ್ತದೆ. ಉತ್ತರ 11001. ಪರೀಕ್ಷಿಸಿ: 16+8+1 = 25. ಸರಿ.

ಈಗ ಸ್ವಲ್ಪ ದೊಡ್ಡದು. ಕೇರಳಕ್ಕೆ ಸೇರಿದ 28 ವರ್ಷಗಳ ನಂತರ, 1984ರ ಮೇ 24ರಂದು, ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. 1956 + 28 ಕೂಡೋಣ. 28 ಎಂದರೆ 16+8+4, ಅಂದರೆ 11100. ಚಿಕ್ಕ ಸಂಖ್ಯೆಯ ಎಡಗಡೆ ಸೊನ್ನೆ ತುಂಬಿಸಿ ಉದ್ದ ಸಮ ಮಾಡಿಕೊಳ್ಳಿ. ಬಿಟ್ ಕೆಳಗೆ ಬಿಟ್ ನೇರವಾಗಿ ಬರಬೇಕು. ಗೆರೆ ಇಲ್ಲದ ಕಾಗದಕ್ಕಿಂತ ಚೌಕದ ಗಣಿತ ಪುಸ್ತಕ ಒಳ್ಳೆಯದು.

  11110100100
+ 00000011100

ಬಲದ ಎರಡು ಮನೆ 0, 0. ಮೂರನೆಯದು 1+1, 0 ಬರೆದು ಕ್ಯಾರಿ. ನಾಲ್ಕನೆಯದು 0+1+ಕ್ಯಾರಿ, 0 ಬರೆದು ಕ್ಯಾರಿ. ಐದನೆಯದೂ ಹಾಗೇ. ಆರನೆಯದು 1+0+ಕ್ಯಾರಿ, ಮತ್ತೆ 0, ಮತ್ತೆ ಕ್ಯಾರಿ. ಏಳನೆಯದು 0+0+ಕ್ಯಾರಿ, ಅಲ್ಲಿ 1 ಬಂದು ಕ್ಯಾರಿ ನಿಲ್ಲುತ್ತದೆ. ಉಳಿದ ನಾಲ್ಕು 1ಗಳು ಹಾಗೇ ಇಳಿಯುತ್ತವೆ. ಉತ್ತರ 11111000000. ಐದು ಒಂದು, ಆರು ಸೊನ್ನೆ. ಎಷ್ಟು ಚೆಂದದ ಸಂಖ್ಯೆ ನೋಡಿ. 1024+512+256+128+64 = 1984.

ಕ್ಯಾರಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವ ಧೈರ್ಯ ಬೇಡ. ಮೇಲೆ ಚಿಕ್ಕದಾಗಿ ಬರೆಯಿರಿ. ಬಾಯಲ್ಲಿ ಲೆಕ್ಕ ಮಾಡಿ ಅಭ್ಯಾಸವಿರುವವರೇ ಇಲ್ಲಿ ಹೆಚ್ಚು ತಪ್ಪುತ್ತಾರೆ, ಏಕೆಂದರೆ ಕ್ಯಾರಿ ಸಾಲುಸಾಲಾಗಿ ಬರುತ್ತದೆ.

ಎಂಟು ಬಿಟ್ ಸಾಲದೇ ಹೋದರೆ

ಕಾಗದದ ಮೇಲೆ ಎಡಗಡೆ ಜಾಗ ಎಷ್ಟು ಬೇಕಾದರೂ ಇರುತ್ತದೆ. ಕಂಪ್ಯೂಟರಿನಲ್ಲಿ ಹಾಗಲ್ಲ. ಒಂದು ಬೈಟ್‌ನಲ್ಲಿ ಹಿಡಿಸುವುದು 0ಯಿಂದ 255ರವರೆಗೆ. 200 ಮತ್ತು 100 ಕೂಡಿದರೆ:

  11001000
+ 01100100
 100101100

ಒಂಬತ್ತು ಬಿಟ್ ಬಂತು. ಬೈಟ್‌ನಲ್ಲಿ ಉಳಿಯುವುದು ಬಲಗಡೆಯ ಎಂಟು, 00101100, ಅಂದರೆ 44. ಇದಕ್ಕೆ ಓವರ್‌ಫ್ಲೋ ಎನ್ನುತ್ತಾರೆ. ಪ್ರೋಗ್ರಾಮ್ ಬರೆಯುವಾಗ ಎಲ್ಲಿಂದಲೋ ಸಣ್ಣ ಉತ್ತರ ಬಂದರೆ ಇದನ್ನೂ ಒಮ್ಮೆ ಅನುಮಾನಿಸಿ.

ಈಗ ಕ್ಯಾಲ್ಕುಲೇಟರ್ ತೆಗೆಯಿರಿ

ಕೈಲೆಕ್ಕ ಬಂದ ಮೇಲೆ ಪರೀಕ್ಷಿಸಲು ಯಂತ್ರ ಬಳಸಬಹುದು. ಉಬುಂಟು ಇರುವ ಶಾಲೆಯ ಲ್ಯಾಬಿನಲ್ಲಿ ಕ್ಯಾಲ್ಕುಲೇಟರ್ ತೆರೆದು ಪ್ರೋಗ್ರಾಮಿಂಗ್ ಮೋಡ್ ಆರಿಸಿ. ವಿಂಡೋಸ್‌ನಲ್ಲಿ ಅದರ ಹೆಸರು ಪ್ರೋಗ್ರಾಮರ್. 66 ಎಂದು ಹೊಡೆದರೆ ಬೈನರಿ ಕಾಣುತ್ತದೆ. ಮೊದಲೇ ಇದನ್ನು ತೆರೆದರೆ ಕಲಿತ ಹಾಗೆ ಅನಿಸುತ್ತದೆ, ಕಲಿತಿರುವುದಿಲ್ಲ. ಪರೀಕ್ಷಾ ಹಾಲಿನಲ್ಲಿ ಅದು ಗೊತ್ತಾಗುತ್ತದೆ.

ಅಭ್ಯಾಸಕ್ಕೆ ಇಷ್ಟು ಸಾಕು. 110111 ಎಷ್ಟು? 25ರ ಬೈನರಿ ಏನು? 100111 ಮತ್ತು 011001 ಕೂಡಿದರೆ ಎಷ್ಟು? ಉತ್ತರಗಳು ಕ್ರಮವಾಗಿ 55, 11001, 1000000. ಮೂರನೆಯದರಲ್ಲಿ ಕ್ಯಾರಿ ಈ ತುದಿಯಿಂದ ಆ ತುದಿವರೆಗೆ ಓಡುತ್ತದೆ. ಬೇಕೆಂದೇ ಕೊಟ್ಟಿದ್ದೇನೆ.

ಕೊನೆಯ ಲೆಕ್ಕ ಅಕ್ಷರದ್ದು. ಮೊಬೈಲಿನಲ್ಲಿ ನೀವು ಒತ್ತುವ 'ಕ' ಯಂತ್ರಕ್ಕೆ ಒಂದು ಸಂಖ್ಯೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದರ ಸಂಕೇತ 0ಸಿ95. ಇದು ಹೆಕ್ಸಾಡೆಸಿಮಲ್, ಹದಿನಾರು ಅಂಕಿಗಳ ಲೆಕ್ಕ. 9ರ ನಂತರ 10ಕ್ಕೆ ಎ, 11ಕ್ಕೆ ಬಿ, 12ಕ್ಕೆ ಸಿ, ಹೀಗೆ 15ಕ್ಕೆ ಎಫ್. ಇದರ ಒಂದು ಅಂಕಿ ಬೈನರಿಯ ನಾಲ್ಕು ಬಿಟ್‌ಗೆ ಸರಿಸಮ. ಹಾಗಾಗಿ ಒಂದೊಂದನ್ನೇ ಬಿಡಿಸಿದರೆ ಸಾಕು:

0000 1100 1001 0101

ನಮ್ಮ ಸಂಖ್ಯೆಯಲ್ಲಿ 3221. ಉಬುಂಟುವಿನ ಟೆಕ್ಸ್ಟ್ ಎಡಿಟರಿನಲ್ಲಿ ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿ, ಇಂಗ್ಲಿಷ್ ಕೀಬೋರ್ಡಿನಲ್ಲಿ ಈ ಸಂಕೇತ ಹೊಡೆದು ಎಂಟರ್ ಒತ್ತಿದರೆ 'ಕ' ಮೂಡುತ್ತದೆ.

ಇದಕ್ಕೆ ಬೈನರಿಯಲ್ಲಿ 128 ಕೂಡಿ.

  0000 1100 1001 0101
+ 0000 0000 1000 0000
  0000 1101 0001 0101

ಹೆಕ್ಸ್‌ನಲ್ಲಿ 0ಡಿ15. ಅದು ಮಲಯಾಳದ 'ಕ'. ಹಾಗೇ ನಮ್ಮ 'ಮ'ಗೆ 128 ಕೂಡಿದರೆ ಮಲಯಾಳದ 'ಮ', 'ಯ'ಗೆ ಕೂಡಿದರೆ ಅವರ 'ಯ'. ಇದು ಕಾಕತಾಳೀಯವಲ್ಲ. ಭಾರತದ ಲಿಪಿಗಳಿಗಾಗಿ ಮಾಡಿದ ಇಸ್ಕಿ ಎಂಬ ಸಂಕೇತ ಪದ್ಧತಿಯಲ್ಲಿ ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೇ ಕ್ರಮ ಕೊಟ್ಟಿದ್ದರು. ಯೂನಿಕೋಡ್ ಅದೇ ಕ್ರಮ ಹಿಡಿಯಿತು, ಒಂದೊಂದು ಲಿಪಿಗೆ 128 ಮನೆ ಕೊಟ್ಟಿತು. ಸಾಲಿನಲ್ಲಿ ತಮಿಳು, ತೆಲುಗು, ಕನ್ನಡ, ಮಲಯಾಳ ಅಕ್ಕಪಕ್ಕ ಕೂತಿವೆ. ಎಲ್ಲ ಮನೆಗಳೂ ತುಂಬಿಲ್ಲ. ತಮಿಳಿನಲ್ಲಿ 'ಖ' ಇರಬೇಕಾದ ಜಾಗ ಖಾಲಿ.

ತೆಲುಗಿನ 'ಕ' 0ಸಿ15, ತಮಿಳಿನದು 0ಬಿ95. ಮೊದಲನೆಯದಕ್ಕೆ 128, ಎರಡನೆಯದಕ್ಕೆ 256 ಬೈನರಿಯಲ್ಲಿ ಕೂಡಿ ನೋಡಿ. ಎರಡರ ಉತ್ತರವೂ 110010010101 ಬರಬೇಕು.